ಹೂವಿನ ಜೊತೆಗಿನ ಕಾರ್ಡಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಿದ್ದಾರೆ. ಎಲ್ಲರೂ ಸೇರಿ ಹೂ ಕಳಿಸಬೇಕೆಂದಿದ್ದೇವೆ. ಹೂವಿನಂಗಡಿಯವರು ಕಾರ್ಡಿಗೆ ಏನು ಬರೆಯಲಿ ಎಂದು ಕೇಳಿದರು. ‘ಭಾವಪೂರ್ಣ ಶ್ರದ್ಧಾಂಜಲಿ’ ಬಿಟ್ಟರೆ ನಮಗೆ ಬೇರೇನೂ ಹೊಳೆಯುತ್ತಿಲ್ಲ. ಅಷ್ಟೇ ಬರೆದರೆ ಸಾಕೇ?

ಉತ್ತರ: ಹೂ ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲಿದೆ. ಪಾರ್ಥಿವ ಶರೀರದ ಮೇಲೆ ಇಡುವ ಹಾರವಾದರೆ ಅಷ್ಟೇ ಸಾಕು. ಸಹೋದ್ಯೋಗಿಯ ಕೈಗೆ ಸೇರುವ ಹೂವಾದರೆ ಸಾಲದು. ಶ್ರದ್ಧಾಂಜಲಿ ಎಂದರೆ ಶ್ರದ್ಧೆಯಿಂದ ಬೊಗಸೆ ಜೋಡಿಸಿ ಅರ್ಪಿಸುವುದು. ಅದು ಹೋದವರಿಗೆ ಸಲ್ಲುವ ಮಾತು. ಸಂತಾಪ, ಸಾಂತ್ವನ ಇವು ಉಳಿದವರಿಗೆ ಹೇಳುವ ಮಾತು. ‘ನಿಮ್ಮ ಕುಟುಂಬಕ್ಕೆ ಶ್ರದ್ಧಾಂಜಲಿ’ ಎಂದು ಬರೆದ ಕಾರ್ಡುಗಳು ಈಗಲೂ ಹೋಗುತ್ತಿರುತ್ತವೆ. ಬರೆದವರ ಮನಸ್ಸು ಒಳ್ಳೆಯದೇ, ಆದರೆ ಬದುಕಿರುವವರಿಗೆ ಶ್ರದ್ಧಾಂಜಲಿ ಸಲ್ಲಿಸಿದಂತಾಗುತ್ತದೆ. ಓದಿದವರಿಗೆ ಆ ಗಳಿಗೆಯಲ್ಲಿ ಅದು ಚುಚ್ಚುತ್ತದೆ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಈ ಮಾತು ಯಾರಿಗೆ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಹೂವಿನ ಆಯ್ಕೆಯೂ ಅದರ ಹಿಂದೆಯೇ ಬರುತ್ತದೆ.

ಅಂತ್ಯಕ್ರಿಯೆಗೆ ಮುಂಚೆ ತಲುಪುವುದಾದರೆ ಸುಗಂಧರಾಜ ಅಥವಾ ಬಿಳಿ ಸೇವಂತಿಗೆಯ ಹಾರ ಒಯ್ಯಿರಿ. ಚಮಕಿ, ಜರಿ ಎಳೆ, ಬಣ್ಣದ ರಿಬ್ಬನ್ ಬೇಡವೆಂದು ಕಟ್ಟುವ ಮೊದಲೇ ಹೇಳಿ. ಅದೇ ಸುಗಂಧರಾಜದ ಹಾರ ಸನ್ಮಾನಕ್ಕೂ ಮದುವೆಗೂ ಹೋಗುವುದರಿಂದ, ಹೇಳದಿದ್ದರೆ ಅಂಗಡಿಯವರು ಕೈರೂಢಿಯಂತೆ ಅಲಂಕರಿಸಿಬಿಡುತ್ತಾರೆ. ಹಾರಕ್ಕೆ ಕಟ್ಟುವ ಚೀಟಿಯಲ್ಲಿ ಎರಡೇ ಸಾಲು ಇರಲಿ: ‘ಭಾವಪೂರ್ಣ ಶ್ರದ್ಧಾಂಜಲಿ’, ಅದರ ಕೆಳಗೆ ನಿಮ್ಮ ವಿಭಾಗದ ಹೆಸರು. ಕಂಪನಿಯ ಲಾಂಛನ, ಫೋನ್ ನಂಬರ್ ಖಂಡಿತ ಬೇಡ. ಹಾರಗಳು ದೇಹದ ಜೊತೆಗೇ ಚಿತೆಗೋ ಮಣ್ಣಿಗೋ ಹೋಗುತ್ತವೆ, ಇಲ್ಲವೇ ಸ್ಮಶಾನದ ಬಾಗಿಲಲ್ಲಿ ರಾಶಿ ಬೀಳುತ್ತವೆ. ಕುಟುಂಬಕ್ಕೆಂದು ಬರೆದ ಸಾಂತ್ವನದ ಮಾತನ್ನು ಅದಕ್ಕೆ ಸಿಕ್ಕಿಸಿದರೆ ಅವರು ಅದನ್ನು ನೋಡುವುದೇ ಇಲ್ಲ. ಅದನ್ನು ಬೇರೆ ಲಕೋಟೆಯಲ್ಲಿಟ್ಟು, ಹೋಗುವವರಲ್ಲಿ ಒಬ್ಬರು ಮನೆಯ ಅಳಿಯನಿಗೋ ತಮ್ಮನಿಗೋ ಕೊಟ್ಟು ಬರಬೇಕು.

ಅಂತ್ಯಕ್ರಿಯೆ ಮುಗಿದ ಮೇಲೆ ಮನೆಗೆ ಹೂ ಕಳಿಸುವುದಕ್ಕೆ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಹತ್ತು ದಿನ ಸೂತಕ ಹಿಡಿಯುವ ಮನೆಗಳಲ್ಲಿ ದೇವರ ಪೂಜೆ ನಿಂತಿರುತ್ತದೆ, ಹೆಂಗಸರು ಹೂ ಮುಡಿಯುವುದಿಲ್ಲ. ಅಂಥ ಮನೆಗೆ ಬಣ್ಣಬಣ್ಣದ ಬೊಕೆ ಬಂದರೆ ಎಲ್ಲಿಡಬೇಕೆಂದೇ ತಿಳಿಯದೆ ಅದು ಬಾಗಿಲ ಪಕ್ಕ ಬಾಡುತ್ತದೆ. ಹನ್ನೊಂದನೆಯ ದಿನದ ತಿಥಿಗೋ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೋ ಫೋಟೋಗೆ ಹಾಕುವ ಹಾರ ಒಯ್ದರೆ ಅದಕ್ಕೊಂದು ಜಾಗವಿರುತ್ತದೆ. ಅಲ್ಲಿಯವರೆಗೆ ಕಾರ್ಡು ಮಾತ್ರ ಹೋಗಲಿ.

ಈಗ ಕಾರ್ಡಿನ ವಿಷಯ. ಹೂವಿನಂಗಡಿಯಲ್ಲಿ ಕೊಡುವುದು ಹೆಚ್ಚಾಗಿ ವಿಸಿಟಿಂಗ್ ಕಾರ್ಡಿನಷ್ಟೇ, ಅಂದರೆ ಸುಮಾರು 9 ಸೆಂ.ಮೀ. ಉದ್ದ, 5.5 ಸೆಂ.ಮೀ. ಅಗಲ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಕೈಬರಹದಲ್ಲಿ ಐದು ಸಾಲು, ಇಪ್ಪತ್ತರಿಂದ ಇಪ್ಪತ್ತೈದು ಪದ ಹಿಡಿಸುತ್ತದೆ. ಮೊದಲು ಬೇರೆ ಹಾಳೆಯಲ್ಲಿ ಬರೆದು ಎಣಿಸಿ. ಕೊನೆಯ ಸಾಲು ಅಂಚಿಗೆ ಬಂದು ಹೆಸರುಗಳು ಮೂಲೆಯಲ್ಲಿ ಒತ್ತರಿಸಿ ಕುಳಿತರೆ ಅವಸರದಲ್ಲಿ ಗೀಚಿದಂತೆ ಕಾಣುತ್ತದೆ. ಬಾಲ್ ಪೆನ್ನಿನಲ್ಲೇ ಬರೆಯಿರಿ. ಹೂವಿಗೆ ನೀರು ಚಿಮುಕಿಸಿರುತ್ತಾರೆ, ಜೆಲ್ ಪೆನ್ನಿನ ಶಾಯಿ ಒದ್ದೆಯಾದರೆ ಹರಡಬಹುದು.

ಆ ಇಪ್ಪತ್ತೈದು ಪದಗಳಲ್ಲಿ ಮೂರು ಸಂಗತಿ ಬರಬೇಕು: ನಿಮಗೆ ನೋವಾಗಿದೆ ಎಂಬುದು, ಹೋದವರ ಬಗ್ಗೆ ಅವರಿಗೇ ಸಲ್ಲುವ ಒಂದು ಮಾತು, ನೀವು ಮಾಡಲಿರುವ ಒಂದು ಕೆಲಸ. ಮೊದಲನೆಯದು ಎಲ್ಲರ ಕಾರ್ಡಿನಲ್ಲೂ ಇರುತ್ತದೆ. ತಿಂಗಳುಗಟ್ಟಲೆ ಎತ್ತಿಟ್ಟು ಮತ್ತೆ ಓದಿಸಿಕೊಳ್ಳುವುದು ಎರಡನೆಯದು. ನೀವು ಆ ತಂದೆಯನ್ನು ನೋಡಿಯೇ ಇಲ್ಲದಿರಬಹುದು. ಆದರೆ ಮಗಳೋ ಮಗನೋ ಊಟದ ಹೊತ್ತಿನಲ್ಲಿ ಅವರ ಬಗ್ಗೆ ಏನಾದರೂ ಹೇಳಿಯೇ ಇರುತ್ತಾರೆ: ತೋಟದ ಮಾವಿನಹಣ್ಣು ಕಳಿಸಿದ್ದು, ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದುದು. ಅದನ್ನೇ ಬರೆಯಿರಿ. ‘ಸರಳ, ಸಜ್ಜನ, ಪರೋಪಕಾರಿ’ ಎಂಬ ಮೂರು ವಿಶೇಷಣಕ್ಕಿಂತ ‘ಅವರು ಕಳಿಸಿದ ಮಾವಿನಹಣ್ಣು ನಾವೆಲ್ಲ ತಿಂದಿದ್ದೇವೆ’ ಎಂಬ ಒಂದು ಸಾಲಿನ ತೂಕ ದೊಡ್ಡದು.

ಮೂರನೆಯದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ‘ಏನು ಬೇಕಿದ್ದರೂ ಹೇಳಿ’ ಎನ್ನುವುದು. ಸಾವಿನ ಮನೆಯಲ್ಲಿರುವವರಿಗೆ ತಮಗೆ ಏನು ಬೇಕೆಂದು ಯೋಚಿಸುವ ತ್ರಾಣವೂ ಇರುವುದಿಲ್ಲ, ಫೋನ್ ಮಾಡಿ ಕೇಳುವ ಸಂಕೋಚವೂ ಬಿಡುವುದಿಲ್ಲ. ನೀವೇ ಒಂದು ಕೆಲಸ ಹೆಸರಿಸಿ ಹೊತ್ತುಕೊಳ್ಳಿ. ನಿಮ್ಮ ಸಂದರ್ಭಕ್ಕೆ ಹೀಗೆ ಬರೆಯಬಹುದು:

‘ನಿಮ್ಮ ತಂದೆಯವರು ಇನ್ನಿಲ್ಲವೆಂದು ಕೇಳಿ ನಮ್ಮೆಲ್ಲರಿಗೂ ಸಂಕಟವಾಯಿತು. ಅವರ ಮಾತು ಬಂದಾಗಲೆಲ್ಲ ನಿಮ್ಮ ಮುಖ ಅರಳುತ್ತಿತ್ತು. ತಿಂಗಳ ಕೊನೆಯ ಲೆಕ್ಕ ನಾವು ಮುಗಿಸುತ್ತೇವೆ, ಆಫೀಸಿನ ಚಿಂತೆ ಬೇಡ.’

ಕೆಳಗೆ ‘ಲೆಕ್ಕಪತ್ರ ವಿಭಾಗದ ಗೆಳೆಯರು’ ಎಂದು ಬರೆದು, ಹೆಸರುಗಳನ್ನು ಕಾರ್ಡಿನ ಹಿಂಬದಿಗೆ ಹಾಕಿ. ಒಬ್ಬರೇ ಕಳಿಸುವಾಗ ಬರೀ ‘ಮಂಜುನಾಥ’ ಎಂದರೆ ಸಾಲದು, ಆ ಮನೆಯಲ್ಲಿ ಮೂವರು ಮಂಜುನಾಥರ ಕಾರ್ಡು ಬಂದಿರಬಹುದು. ಎಲ್ಲಿಯ ಪರಿಚಯ ಎಂಬುದನ್ನು ಜೊತೆಗೆ ಸೇರಿಸಿ. ‘ಮತ್ತೆ ಬರುತ್ತೇವೆ’ ಎಂದು ಮುಗಿಸಬೇಡಿ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀವಿ’ ಎನ್ನಬಾರದೆಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ, ಹಿರಿಯರು ಅದನ್ನು ಕಾರ್ಡಿನಲ್ಲೂ ಗಮನಿಸುತ್ತಾರೆ.

ಸಾವನ್ನು ಹೆಸರಿಸುವ ಪದ ಮನೆಯಿಂದ ಮನೆಗೆ ಬದಲಾಗುತ್ತದೆ. ಅಂದಾಜಿನ ಮೇಲೆ ಬರೆದರೆ ಎಡವುವುದು ಇಲ್ಲಿಯೇ. ಲಿಂಗಾಯತರಲ್ಲಿ ‘ಲಿಂಗೈಕ್ಯ’, ‘ಶಿವೈಕ್ಯ’ ಎನ್ನುತ್ತಾರೆ. ಅಲ್ಲಿ ‘ವೈಕುಂಠವಾಸಿ’ ಹೊಂದುವುದಿಲ್ಲ. ಹಾಗೆಯೇ ವೈಷ್ಣವರ ಮನೆಗೆ ‘ಕೈಲಾಸವಾಸಿ’ ಎಂದು ಬರೆಯುವುದಿಲ್ಲ. ‘ಮರಣವೇ ಮಹಾನವಮಿ’ ಎಂಬ ಶರಣರ ಮಾತು ತುಂಬು ಬಾಳು ಬಾಳಿದ ಹಿರಿಯರಿಗೆ ಒಪ್ಪುತ್ತದೆ, ಮೂವತ್ತಕ್ಕೆ ಹೋದವರ ಮನೆಗೆ ಅದನ್ನು ಕಳಿಸಬೇಡಿ. ಜೈನರಲ್ಲಿ ‘ಜಿನೈಕ್ಯ’ ಎಂಬ ಬಳಕೆಯಿದೆ. ಕ್ರೈಸ್ತರ ಮನೆಗೆ ಚಕ್ರದಾಕಾರದ ಹೂಮಾಲೆ, ಅಂದರೆ ರೀತ್, ಒಯ್ಯುವುದು ವಾಡಿಕೆ. ಕಥೋಲಿಕರಾದರೆ ‘ಅವರ ಆತ್ಮಕ್ಕೆ ನಿತ್ಯ ವಿಶ್ರಾಂತಿ ದೊರೆಯಲಿ’ ಎಂದು ಬರೆಯಬಹುದು. ಪ್ರೊಟೆಸ್ಟೆಂಟರಲ್ಲಿ ಹೋದವರಿಗಾಗಿ ಪ್ರಾರ್ಥಿಸುವ ರೂಢಿ ಸಾಮಾನ್ಯವಾಗಿ ಇಲ್ಲದ್ದರಿಂದ ‘ದೇವರು ನಿಮ್ಮ ಕುಟುಂಬವನ್ನು ಸಂತೈಸಲಿ’ ಎಂಬುದು ಸೂಕ್ತ. ಮುಸ್ಲಿಮರಲ್ಲಿ ದಫನ್ (ಮಣ್ಣು ಮಾಡುವುದು) ಬೇಗ, ಎಷ್ಟೋ ಸಲ ಅದೇ ದಿನ ಮುಗಿಯುತ್ತದೆ. ರೀತ್, ಬೊಕೆಗಳ ರೂಢಿಯೂ ಸಾಮಾನ್ಯವಾಗಿ ಇಲ್ಲ. ಅಲ್ಲಿಗೆ ಹೂ ಬಿಟ್ಟು ಕಾರ್ಡು ಕಳಿಸಿ: ‘ಅಲ್ಲಾಹನು ಅವರಿಗೆ ಜನ್ನತ್ ಕರುಣಿಸಲಿ, ನಿಮಗೆ ಸಬರ್ ನೀಡಲಿ.’ ಜನ್ನತ್ ಎಂದರೆ ಸ್ವರ್ಗ, ಸಬರ್ ಎಂದರೆ ಸಹನೆ. ಮನೆಯ ನಂಬಿಕೆ ಗೊತ್ತಿಲ್ಲದಿದ್ದರೆ ‘ಅಗಲಿದರು’, ‘ತೀರಿಕೊಂಡರು’ ಎಂಬ ಮಾತುಗಳು ಎಲ್ಲೆಡೆಯೂ ಸಲ್ಲುತ್ತವೆ. ಹೆಸರಿನ ಮುಂದೆ ‘ದಿ.’ ಹಾಕುವುದನ್ನು ಮೊದಲ ಕಾರ್ಡಿನಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ನಿನ್ನೆಯವರೆಗೆ ಅಪ್ಪ ಎಂದು ಕರೆದವರ ಹೆಸರಿನ ಮುಂದೆ ಆ ಒಂದಕ್ಷರ ನೋಡಲು ಮಕ್ಕಳಿಗೆ ಇನ್ನೂ ಆಗಿರುವುದಿಲ್ಲ.

ಕಾರಣ ಹುಡುಕುವ, ಲಾಭ ತೋರಿಸುವ ಮಾತು ಯಾವ ಕಾರ್ಡಿನಲ್ಲೂ ಬೇಡ. ‘ವಯಸ್ಸಾಗಿತ್ತಲ್ಲ’, ‘ನರಳುವುದು ತಪ್ಪಿತು’, ‘ವಿಧಿಲಿಖಿತ’ ಇವೆಲ್ಲ ಮನೆಯವರು ತಾವೇ ಹೇಳಿಕೊಂಡರೆ ಸಮಾಧಾನ, ಹೊರಗಿನವರು ಬರೆದರೆ ತೀರ್ಪು. ಮಗುವನ್ನು ಕಳೆದುಕೊಂಡವರಿಗೆ ‘ಇನ್ನೊಂದು ಮಗು ಆಗುತ್ತದೆ’ ಎನ್ನುವುದು ಎಲ್ಲಕ್ಕಿಂತ ಕ್ರೂರ. ಅಲ್ಲಿ ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರನ್ನು ಬರೆಯಿರಿ: ‘ನಿಮ್ಮ ಅನಘಾಳನ್ನು ನಾವು ಮರೆಯುವುದಿಲ್ಲ.’ ಅಷ್ಟೇ ಸಾಕು. ಆತ್ಮಹತ್ಯೆಯಾಗಿದ್ದರೆ ಸಾವಿನ ರೀತಿಯ ಸುಳಿವೂ ಇರಬಾರದು. ‘ಹೀಗಾಗಬಾರದಿತ್ತು’ ಎಂಬ ಸಾದಾ ಮಾತು ಕೂಡ ಅಲ್ಲಿ ದೂರಿನಂತೆ ಕೇಳುತ್ತದೆ. ಹೋದವರ ಬದುಕಿನ ಒಂದು ಒಳ್ಳೆಯ ನೆನಪು ಬರೆದು ನಿಲ್ಲಿಸಿ.

ಕಾಗುಣಿತ ನೋಡಿಕೊಳ್ಳಿ. ಶ್ರದ್ಧಾಂಜಲಿಯಲ್ಲಿ ದಕಾರಕ್ಕೆ ಮಹಾಪ್ರಾಣ ಧಕಾರದ ಒತ್ತು. ಅಲ್ಪಪ್ರಾಣದ ಒತ್ತು ಕೊಟ್ಟು ‘ಶ್ರದ್ದಾಂಜಲಿ’ ಎಂದು ಬರೆಯುವುದು ಫ್ಲೆಕ್ಸ್‌ಗಳಲ್ಲಿ ನಿತ್ಯ ಕಾಣುವ ತಪ್ಪು. ‘ಸಾಂತ್ವನ’ ಸರಿ, ‘ಸಾಂತ್ವಾನ’ ತಪ್ಪು. ಹೋದವರ ಹೆಸರನ್ನು ಮನೆಯವರು ಬರೆಯುವಂತೆಯೇ ಬರೆಯಬೇಕು. ನಿಂಗಪ್ಪನವರನ್ನು ಲಿಂಗಪ್ಪ ಎಂದು ತಿದ್ದುವ ಹಕ್ಕು ನಮಗಿಲ್ಲ. ಪತ್ರಿಕೆಯ ನಿಧನ ಪ್ರಕಟಣೆಯಲ್ಲೋ ಮನೆಯ ಮುಂದಿನ ಫ್ಲೆಕ್ಸ್‌ನಲ್ಲೋ ಹೇಗಿದೆ ನೋಡಿಕೊಳ್ಳಿ, ಇಲ್ಲವೇ ನೆಂಟರೊಬ್ಬರನ್ನು ಕೇಳಿ.

ದೂರದಿಂದ, ಅದರಲ್ಲೂ ಹೊರದೇಶದಿಂದ ಆನ್‌ಲೈನ್‌ನಲ್ಲಿ ಹೂ ಕಳಿಸುವವರಿಗೆ ಇನ್ನೊಂದು ತೊಂದರೆಯಿದೆ. ಸಂದೇಶದ ಜಾಗದಲ್ಲಿ ಕನ್ನಡ ಟೈಪ್ ಮಾಡಿದರೆ ಪರದೆಯಲ್ಲಿ ಸರಿಯಾಗೇ ಕಾಣುತ್ತದೆ. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಮುದ್ರಣದಲ್ಲಿ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಬರುತ್ತವೆ, ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಜಾರುತ್ತದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಇಡೀ ಸಾಲೇ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದು, ಫೋಟೋ ತೆಗೆದು ಅಂಗಡಿಯವರಿಗೆ ವಾಟ್ಸಾಪ್ ಮಾಡಿ, ಅದನ್ನೇ ಮುದ್ರಿಸಿ ಇಡುವಂತೆ ಹೇಳಿ. ಮುದ್ರಿಸಿದ ಕಾರ್ಡಿನ ಫೋಟೋ ತರಿಸಿಕೊಂಡು ನೋಡಿದ ಮೇಲೆಯೇ ಹೂ ಹೊರಡಲಿ.

ಹದಿನೈದು ದಿನ ಕಳೆದುಹೋಗಿದ್ದರೂ ಬರೆಯಿರಿ. ತಡವಾದದ್ದಕ್ಕೆ ಕಾರಣಗಳ ಪಟ್ಟಿ ಕೊಡಬೇಡಿ, ಓದುವವರಿಗೆ ಅದು ಬೇಕಿಲ್ಲ. ‘ತಡವಾಗಿ ಬರೆಯುತ್ತಿದ್ದೇನೆ, ಆದರೆ ದಿನವೂ ನಿಮ್ಮ ನೆನಪಾಗುತ್ತಿದೆ’ ಎಂದು ಶುರುಮಾಡಿದರೆ ಸಾಕು. ನೆಂಟರು ಊರಿಗೆ ಮರಳಿ, ಮನೆ ಖಾಲಿಯಾಗಿ, ಫೋನ್ ಸದ್ದಡಗಿದ ಮೇಲೆ ಬರುವ ಕಾರ್ಡನ್ನು ಕೂತು ನಿಧಾನವಾಗಿ ಓದುತ್ತಾರೆ. ಇನ್ನೊಂದು ಸಣ್ಣ ಕೆಲಸ: ವರ್ಷ ತುಂಬುವವರೆಗೆ ಎಷ್ಟೋ ಮನೆಗಳಲ್ಲಿ ಹಬ್ಬ ಮಾಡುವುದಿಲ್ಲ. ಯುಗಾದಿ, ದೀಪಾವಳಿಗೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಶುಭಾಶಯದ ಪಟ್ಟಿಯಿಂದ ನಿಮ್ಮ ಸಹೋದ್ಯೋಗಿಯ ಹೆಸರನ್ನು ಈ ವರ್ಷದ ಮಟ್ಟಿಗೆ ಇವತ್ತೇ ತೆಗೆದಿಡಿ. ಹಬ್ಬದ ದಿನ ಅವರಿಗೊಂದು ಫೋನ್ ಮಾಡಿ.