ಗಂಡ-ಹೆಂಡತಿಗೆ ಮೊದಲ ಸ್ಪೋರ್ಟ್ ಎಟಿವಿ: ನಿಧಾನದವರ ಲೆಕ್ಕ ಹಿಡಿಯಿರಿ

ಎಟಿವಿ, ಅಂದರೆ ಬೈಕಿನಂಥ ಹ್ಯಾಂಡಲ್ ಇರುವ, ಕಾಡು-ಮಣ್ಣಿನ ದಾರಿಯ ನಾಲ್ಕು ಚಕ್ರದ ಗಾಡಿ ಕಲಿಯಲು ನನ್ನ ಹತ್ತಿರ ಬರುವ ಜೋಡಿಗಳು ಮೊದಲ ದಿನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸೀಟು ಇಷ್ಟು ಉದ್ದ ಇದೆಯಲ್ಲ ಸಾರ್, ಹಿಂದೆ ಒಬ್ಬರು ಕೂರಬಹುದು ಅಲ್ವಾ?"

ಕೂರಬಾರದು. ಸ್ಪೋರ್ಟ್ ಎಟಿವಿಯ ಸೀಟು ಉದ್ದ ಇರುವುದು ಓಡಿಸುವ ಒಬ್ಬರೇ ಹಿಂದೆ ಮುಂದೆ ಜರುಗಲಿ ಅಂತ. ಏರು ಹತ್ತುವಾಗ ಮುಂದೆ ಬರಬೇಕು, ಇಳಿಯುವಾಗ ಹಿಂದೆ ಸರಿಯಬೇಕು, ತಿರುವಿನಲ್ಲಿ ಒಳಬದಿಗೆ ಮೈ ವಾಲಿಸಬೇಕು. ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇದರ ಹಿಂದಿನ ಆಕ್ಸಲ್‌ಗೆ ಇಲ್ಲ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಸುಮ್ನೆ ಕೂತು ಹ್ಯಾಂಡಲ್ ತಿರುಗಿಸಿದರೆ ಗಾಡಿ ನೇರಕ್ಕೇ ಹೋಗಲು ನೋಡುತ್ತದೆ. ಹಿಂದೆ ಇನ್ನೊಬ್ಬರು ಕೂತರೆ ಜರುಗಲು ಜಾಗವೇ ಉಳಿಯುವುದಿಲ್ಲ. ಕಡಿದಾದ ಏರಿನಲ್ಲಿ ಅಷ್ಟು ಭಾರ ಹಿಂದೆ ಬಿದ್ದರೆ ಮುಂದಿನ ಚಕ್ರ ಎದ್ದು ಗಾಡಿ ಸವಾರರ ಮೇಲೇ ಮಗುಚಬಹುದು.

ಒಂದೇ ಗಾಡಿಯಲ್ಲಿ ಇಬ್ಬರೂ ಹೋಗಬೇಕು ಅಂದರೆ ಕ್ಯಾನ್-ಆಮ್ ಔಟ್‌ಲ್ಯಾಂಡರ್ ಮ್ಯಾಕ್ಸ್, ಪೋಲಾರಿಸ್ ಸ್ಪೋರ್ಟ್ಸ್‌ಮನ್ ಟೂರಿಂಗ್ ತರಹದ ಗಾಡಿಗಳಿವೆ. ಅವುಗಳ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಉದ್ದ, ಹಿಂದಿನವರಿಗೆ ಬೇರೆಯೇ ಸೀಟು, ಹಿಡಿಕೆ ಎಲ್ಲ ಇರುತ್ತದೆ. ಆರಾಮದ ಗಾಡಿಗಳು, ಆದರೆ ಆ ಮಜಾ ಬೇರೆ, ಈ ಮಜಾ ಬೇರೆ. ಸ್ಪೋರ್ಟ್ ಎಟಿವಿಯೇ ಬೇಕು ಅಂದರೆ ಇಬ್ಬರಿಗೆ ಎರಡು ಗಾಡಿ.

ಜೋಡಿಗಳು ಎಡವುವುದು ಈ ಎರಡನೇ ಗಾಡಿಯ ಆಯ್ಕೆಯಲ್ಲಿ. ಒಬ್ಬರು ತಮ್ಮ ಆಸೆಯ ಗಾಡಿ ಕೊಳ್ಳುತ್ತಾರೆ, ಉಳಿದ ದುಡ್ಡಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ. ನನ್ನ ಹತ್ತಿರ ಬಂದ ಒಂದು ಜೋಡಿ ಹೀಗೇ ಇತ್ತು. ಗಂಡನಿಗೆ 450 ಸಿಸಿ ರೇಸ್ ಗಾಡಿ, ಹೆಂಡತಿಗೆ ಯಾರೋ ಓಡಿಸಿ ಬಿಟ್ಟ ಹಳೆಯ 200 ಸಿಸಿ ಟೂ-ಸ್ಟ್ರೋಕ್. ಗಂಡ ಮುಂದೆ ಹೋಗಿ ಪ್ರತಿ ಕವಲಿನಲ್ಲೂ ಕಾಯುತ್ತಿದ್ದರು. ಹೆಂಡತಿ ಧೂಳು ಕುಡಿಯುತ್ತಾ, ತಮಗೆ ಬರದ ವೇಗದಲ್ಲಿ ಅವರ ಹಿಂದೆ ಓಡುತ್ತಿದ್ದರು. ಮೂರನೇ ವಾರ ಆಕೆ ನನಗೆ ಹೇಳಿದ್ದು, "ನನಗೆ ಈ ಆಟವೇ ಹಿಡಿಸಲಿಲ್ಲ." ಆಟದ ತಪ್ಪೇನೂ ಇರಲಿಲ್ಲ. ಅವರಿಬ್ಬರ ಗಾಡಿಗಳ ನಡುವಿನ ಅಂತರ ಜಾಸ್ತಿಯಾಗಿತ್ತು, ಅಷ್ಟೇ.

ಅದಕ್ಕೇ ನನ್ನ ಸಲಹೆ: ಇಬ್ಬರಲ್ಲಿ ಅನುಭವ ಕಡಿಮೆ ಇರುವವರಿಗೆ ಯಾವ ಗಾಡಿ ಹೊಂದುತ್ತದೋ ಅದನ್ನೇ ಎರಡು ತೆಗೆದುಕೊಳ್ಳಿ. ಒಂದೇ ಮಾಡೆಲ್ ಆದರೆ ಇನ್ನೂ ಒಳ್ಳೆಯದು. ಒಂದೇ ಟೂಲ್ ಕಿಟ್, ಒಂದೇ ಅಳತೆಯ ಏರ್ ಫಿಲ್ಟರ್, ಚೈನ್, ಬ್ರೇಕ್ ಪ್ಯಾಡ್ ಸಾಕು. ಕಾಡಿನ ನಡುವೆ ಒಂದರ ಲಿವರ್ ಮುರಿದರೆ ಬ್ಯಾಗಿನಲ್ಲಿರುವ ಒಂದೇ ಒಂದು ಸ್ಪೇರ್ ಲಿವರ್ ಎರಡಕ್ಕೂ ಆಗುತ್ತದೆ.

ಯಾವ ಎಂಜಿನ್ ಅನ್ನುವ ವಿಷಯಕ್ಕೆ ಬರೋಣ. ಷೋರೂಮಿನಲ್ಲಿ ಕಣ್ಣು ಹೋಗುವುದು 450ರ ಕಡೆಗೇ. ಯಮಾಹಾ ವೈಎಫ್‌ಝಡ್450ಆರ್ ನನಗೂ ಬಹಳ ಇಷ್ಟ, ಆದರೆ ಅದು ಮೋಟೋಕ್ರಾಸ್ ಟ್ರ್ಯಾಕಿಗೆ ಹುಟ್ಟಿದ ಗಾಡಿ. 449 ಸಿಸಿ ಎಂಜಿನ್ನಿನ ನಿಜವಾದ ದಮ್ಮು ಬರುವುದು ಹೆಚ್ಚಿನ ಆರ್‌ಪಿಎಂನಲ್ಲಿ. ಮರಗಳ ನಡುವಿನ ಕಿರಿದಾದ ದಾರಿಯಲ್ಲಿ ಮೊದಲ ಗೇರಿನಲ್ಲೂ ಕ್ಲಚ್ ಹಿಡಿದು ಬಿಟ್ಟು ಮಾಡುತ್ತಲೇ ಇರಬೇಕಾಗುತ್ತದೆ. ಹೊಸಬರ ಎಡಗೈ ಬೇಗ ಸೋಲುತ್ತದೆ, ಗಾಡಿ ಆಗಾಗ ಆಫ್ ಆಗುತ್ತದೆ. ರಿವರ್ಸ್ ಗೇರ್ ಕೂಡ ಇಲ್ಲ. ಮರಕ್ಕೆ ಮೂತಿ ತಾಗಿಸಿ ನಿಂತರೆ ಇಳಿದು, ಗಾಡಿಯನ್ನು ಹಿಂದಕ್ಕೆ ಎಳೆಯಬೇಕು. ಇಳಿಜಾರಿನಲ್ಲಿ ಒಮ್ಮೆ ಎಳೆದು ನೋಡಿ, ರಿವರ್ಸ್‌ನ ಬೆಲೆ ಗೊತ್ತಾಗುತ್ತದೆ. ಅಗಲವೂ ಹತ್ತಿರ ಹತ್ತಿರ 49 ಇಂಚು. ಅಮೆರಿಕದ ಅರಣ್ಯ ಇಲಾಖೆಯ ಎಷ್ಟೋ ಎಟಿವಿ ದಾರಿಗಳಲ್ಲಿ ಮಿತಿ ಇರುವುದೇ 50 ಇಂಚು.

ಟ್ರೇಲ್‌ಗೆ, ಅಂದರೆ ಕಾಡಿನ ಕಿರಿದಾರಿಗೆ ಹೊಸಬರಾದ ಜೋಡಿಗೆ ನಾನು ಹೇಳುವುದು 400 ಸಿಸಿ ವರ್ಗ. 1999ರಲ್ಲಿ ಬಂದ ಹೋಂಡಾ 400ಇಎಕ್ಸ್ 397 ಸಿಸಿಯ ಏರ್-ಕೂಲ್ಡ್ ಗಾಡಿ. ರೇಡಿಯೇಟರ್ ಇಲ್ಲ, ಕೊಂಬೆ ತಾಗಿ ಒಡೆಯುವ ಚಿಂತೆಯೂ ಇಲ್ಲ. ಕಡಿಮೆ ಆರ್‌ಪಿಎಂನಲ್ಲೂ ಮೆತ್ತಗೆ ಎಳೆಯುತ್ತದೆ. ರಿವರ್ಸ್ ಬಂದಿದ್ದು ಮಾತ್ರ 2005ರ ಮಾಡೆಲ್‌ನಿಂದ. ಹಳೆಯದು ಕೊಳ್ಳುವವರು ಇದನ್ನು ನೆನಪಿಡಿ. 2003ರಲ್ಲಿ ಬಂದ ಸುಝುಕಿ ಎಲ್‌ಟಿ-ಝಡ್400 ಲಿಕ್ವಿಡ್-ಕೂಲ್ಡ್, ರಿವರ್ಸ್ ಇದೆ. ಕ್ಲಚ್ ಅಂದರೇನು ಎಂದೇ ಗೊತ್ತಿಲ್ಲದವರಿಗೆ ಹೋಂಡಾ ಟಿಆರ್‌ಎಕ್ಸ್250ಎಕ್ಸ್ ಒಳ್ಳೆಯ ಮೇಷ್ಟ್ರು. ಅದರಲ್ಲಿ ಕ್ಲಚ್ ಲಿವರ್ ಇದೆ, ಆದರೆ ಹಿಡಿಯಲು ಮರೆತರೂ ಗಾಡಿ ಆಫ್ ಆಗುವುದಿಲ್ಲ. 686 ಸಿಸಿಯ ರ್‍ಯಾಪ್ಟರ್ 700 ಬಗ್ಗೆ ಕೇಳುವವರೂ ಇದ್ದಾರೆ. ಅದರ ಎಂಜಿನ್ ಟ್ರೇಲ್‌ನಲ್ಲಿ 450ಕ್ಕಿಂತ ಸಲೀಸು ಅನ್ನುವುದು ನಿಜ. ಆದರೆ ಕುಣಿಗೆ ಚಕ್ರ ಬಿದ್ದು ಹೆಬ್ಬೆರಳು ತಪ್ಪಿ ಥ್ರಾಟಲ್ (ಎಟಿವಿಯಲ್ಲಿ ಹೆಬ್ಬೆರಳಿನಿಂದ ಒತ್ತುವ ಆಕ್ಸಿಲರೇಟರ್) ಒತ್ತಿದರೆ ಅಷ್ಟೊಂದು ಎಳೆತವನ್ನು ಹೊಸಬರು ತಡೆದುಕೊಳ್ಳಲಾರರು. ಮೊದಲ ಗಾಡಿಯಲ್ಲಿ ಪಳಗಿದ ಮೇಲೆ ಬೇಕಾದರೆ ಇದನ್ನು ನೋಡಿ.

ಗಾಡಿ ಒಂದೇ ಆದರೂ ಸೆಟ್ಟಿಂಗ್ ಬೇರೆ ಬೇರೆ ಇರಲಿ. ಎಷ್ಟೋ ಜನ ಇದನ್ನು ಬಿಟ್ಟೇಬಿಡುತ್ತಾರೆ. ಕಂಪನಿಯ ಸ್ಪ್ರಿಂಗ್ 50 ಕೆಜಿ ತೂಕದವರಿಗೂ 90 ಕೆಜಿಯವರಿಗೂ ಒಂದೇ ತರಹ ಹೊಂದುವುದಿಲ್ಲ. ಹಗುರ ಇರುವವರಿಗೆ ಶಾಕ್ ಅಬ್ಸಾರ್ಬರ್‌ನ ಪ್ರಿಲೋಡ್, ಅಂದರೆ ಸ್ಪ್ರಿಂಗ್ ಮೊದಲೇ ಒತ್ತಿಟ್ಟಿರುವ ಬಿಗಿ, ಸ್ವಲ್ಪ ಸಡಿಲಿಸಿ. ಇಲ್ಲದಿದ್ದರೆ ಪ್ರತಿ ಕಲ್ಲಿಗೂ ಗಾಡಿ ಪುಟಿಯುತ್ತದೆ, ಅವರು ಗಾಡಿಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಚಿಕ್ಕ ಕೈಗೆ ಸಿಗುವಷ್ಟು ಹತ್ತಿರ ತನ್ನಿ. ಹಲವು ಗಾಡಿಗಳಲ್ಲಿ ಥ್ರಾಟಲ್‌ನ ಹತ್ತಿರವೇ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಹೆಬ್ಬೆರಳು ಪೂರ್ತಿ ಒತ್ತಲು ಆಗುವುದಿಲ್ಲ. ಮೊದಲ ಕೆಲವು ದಿನ ಹಾಗೇ ಇರಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕೊಳ್ಳುವ ಮುಂಚೆ ಇಬ್ಬರೂ ಬೂಟು ಹಾಕಿಕೊಂಡು, ಎದ್ದು ನಿಂತು ಹ್ಯಾಂಡಲ್ ಹಿಡಿದು ನೋಡಿ. ಟ್ರೇಲ್‌ನಲ್ಲಿ ಅರ್ಧ ಹೊತ್ತು ನಿಂತೇ ಇರುತ್ತೀರಿ.

ಮೊದಲ ಜೋಡಿ ಗಾಡಿ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಬೀಳಿಸುವುದು ಹೇಗೂ ಇದ್ದದ್ದೇ. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಮುಂಭಾಗ ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಹೋಗಿದೆ. ಎಡಬಲ ಆಡಿದರೆ ಟೈ ರಾಡ್ (ಚಕ್ರವನ್ನು ತಿರುಗಿಸುವ ಸರಳು) ನೋಡಿ. ಆಮೇಲೆ ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ಕೊಳವೆಯಲ್ಲಿ ಬೆರಳಾಡಿಸಿ. ಬೆರಳಿಗೆ ಮಣ್ಣು ಅಂಟಿದರೆ ನಾನಂತೂ ಆ ಗಾಡಿ ಮುಟ್ಟುವುದಿಲ್ಲ. ಆ ಮಣ್ಣು ಸಿಲಿಂಡರಿಗೂ ಹೋಗಿರುತ್ತದೆ.

ಹೆಲ್ಮೆಟ್, ಗಾಗಲ್ಸ್, ಪಾದ ಮುಚ್ಚುವ ಬೂಟು ಇಲ್ಲದೆ ನಾನು ಯಾರಿಗೂ ಕೀ ಕೊಡುವುದಿಲ್ಲ. ಕಡಿಮೆ ಒತ್ತಡ ತೋರಿಸುವ ಟೈರ್ ಗೇಜ್ ಒಂದನ್ನು ಗಾಡಿ ಜೊತೆಗೇ ಕೊಳ್ಳಿ. ಇವುಗಳ ಟೈರಿಗೆ ಬೇಕಾದ್ದು ಸುಮಾರು 4-5 ಪಿಎಸ್‌ಐ. ಕಾರಿನ ಗೇಜ್ ಅಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ.

ಮೊದಲು ಹೇಳಿದ ಆ ಜೋಡಿ ಆಮೇಲೆ ಎರಡನ್ನೂ ಮಾರಿ 400ರ ಎರಡು ಗಾಡಿ ತಂದರು. ನಾನು ಮಾಡಿದ್ದು ಒಂದೇ ಬದಲಾವಣೆ, ಆಕೆಯನ್ನು ಮುಂದೆ ಬಿಟ್ಟೆ. ಮುಂದಿರುವವರು ತಮಗೆ ಬರುವ ವೇಗದಲ್ಲೇ ಹೋಗುತ್ತಾರೆ, ಹಿಂದಿನವರು ಧೂಳು ಇಳಿಯುವಷ್ಟು ದೂರ ಬಿಡುತ್ತಾರೆ. ಕವಲು ಬಂದಲ್ಲಿ ಆಕೆ ನಿಲ್ಲುತ್ತಾರೆ, ಹಿಂದೆ ಗಂಡನ ಹೆಲ್ಮೆಟ್ ಕಂಡ ಮೇಲೆಯೇ ಮುಂದಕ್ಕೆ ಹೊರಡುತ್ತಾರೆ.