ಗಂಜ್ ಅಂಗಡಿಯ ಫ್ಯಾಕ್ಸ್ ಈಗ ಕಂಪ್ಯೂಟರ್ ಎತ್ತುತ್ತದೆ

ನಮ್ಮ ಮಾವನದು ರಾಯಚೂರಿನ ಸಗಟು ಮಾರುಕಟ್ಟೆ ಗಂಜ್‌ನಲ್ಲಿ ಹತ್ತಿಯ ದಲಾಲಿ ಅಂಗಡಿ. ಅಲ್ಲಿದ್ದ ಹಳೆ ಫ್ಯಾಕ್ಸ್ ಮಷಿನ್‌ಗೆ ಇಂಕ್ ಬೇಕಿರಲಿಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಕಾಗದ ಅದರದು. ಒಂದು ದಿನ ಮಿಲ್‌ನಿಂದ ಬಂದ ದರಪಟ್ಟಿಯ ಮೇಲೆ ಯಾರೋ ಬಿಸಿ ಚಹಾ ಲೋಟ ಇಟ್ಟರು. ಎತ್ತಿ ನೋಡಿದರೆ ಅಂಕಿಗಳ ಮೇಲೆ ದುಂಡನೆಯ ಕಪ್ಪು ಕಲೆ! ಈ ಕೆಲಸವನ್ನು ಕಂಪ್ಯೂಟರ್‌ಗೆ ಒಪ್ಪಿಸಬೇಕು ಅಂತ ಅವತ್ತೇ ಅನ್ನಿಸಿತು.

ಬೇಕಾದದ್ದು ಜಾಸ್ತಿ ಏನಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ ಹಳೆ ಕಂಪ್ಯೂಟರ್, ಅದನ್ನು ಫೋನ್ ಲೈನ್‌ಗೆ ಜೋಡಿಸುವ ಫ್ಯಾಕ್ಸ್ ಮೋಡೆಮ್, ಗರ್ಟ್ ಡೋರಿಂಗ್ ಬರೆದ ಎಂಗೆಟ್ಟಿ ಎಂಬ ಉಚಿತ ತಂತ್ರಾಂಶ. ಕಂಪ್ಯೂಟರ್ ಆನ್ ಆದ ಕೂಡಲೇ ಎಂಗೆಟ್ಟಿಯೂ ಶುರುವಾಗಿ, ಮೋಡೆಮ್‌ನಿಂದ ರಿಂಗ್ ಬರುವುದನ್ನೇ ಕಾಯುತ್ತದೆ. ಕರೆಂಟ್ ಬಂದ ತಕ್ಷಣ ಕಂಪ್ಯೂಟರ್ ತಾನಾಗೇ ಆನ್ ಆಗುವಂತೆ, ಅದರ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಹೇಳಿಡಬೇಕು. ನಮ್ಮ ಕಡೆ ಇದನ್ನು ಮರೆಯುವ ಹಾಗೇ ಇಲ್ಲ. ಎಷ್ಟು ರಿಂಗ್‌ಗೆ ಎತ್ತಬೇಕು ಅನ್ನುವುದು ಎಂಗೆಟ್ಟಿಯ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್‌ನಲ್ಲಿ ಒಂದೇ ಸಾಲು. ನಾನು 2 ಅಂತ ಬರೆದೆ.

ಎತ್ತಿದ ಮೇಲೆ ನಡೆಯುವ ಮಾತುಕತೆ ನನಗೆ ತುಂಬಾ ಇಷ್ಟ. ಕಳಿಸುವ ಮಷಿನ್ 1100 ಹರ್ಟ್ಸ್ ದನಿಯಲ್ಲಿ ಅರ್ಧ ಸೆಕೆಂಡ್ ಕೂಗಿ, 3 ಸೆಕೆಂಡ್ ಸುಮ್ಮನಿದ್ದು, ಮತ್ತೆ ಕೂಗುತ್ತದೆ. ನಮ್ಮ ಮೋಡೆಮ್ 2100 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಆಮೇಲೆ ಸೆಕೆಂಡಿಗೆ ಬರೀ 300 ಬಿಟ್ (ಒಂದು ಬಿಟ್ ಅಂದರೆ ಒಂದು 0 ಅಥವಾ 1), ಅಂದರೆ ಅಷ್ಟೇ ಬಿಟ್‌ನಂತೆ, ನಿಧಾನವಾಗಿ, ಎರಡೂ ಸೇರಿ ವೇಗ ಗೊತ್ತುಮಾಡಿಕೊಳ್ಳುತ್ತವೆ. ಲೈನ್ ಚೆನ್ನಾಗಿದ್ದರೆ 14,400 ಬಿಟ್. ಕರಕರ ಅಂದರೆ 9,600, ಇನ್ನೂ ಕೆಟ್ಟರೆ ಇನ್ನೂ ಕೆಳಕ್ಕೆ.

ಪುಟದ ಒಂದು ಗೆರೆ ಅಂದರೆ 1,728 ಚುಕ್ಕೆ. ಒಂದೊಂದನ್ನೂ ಕಳಿಸುವುದಿಲ್ಲ. ಇಷ್ಟು ಬಿಳಿ, ಇಷ್ಟು ಕಪ್ಪು, ಮತ್ತೆ ಇಷ್ಟು ಬಿಳಿ ಅಂತ ಲೆಕ್ಕ ಮಾತ್ರ ಬರುತ್ತದೆ. ಗೆರೆ ಮುಗಿಯಿತು ಅನ್ನುವ ಗುರುತು ಬಿಟ್ಟರೆ, ಪೂರ್ತಿ ಖಾಲಿ ಗೆರೆಗೆ 17 ಬಿಟ್ ಸಾಕು. ದರಪಟ್ಟಿಯಲ್ಲಿ ಖಾಲಿ ಜಾಗವೇ ಹೆಚ್ಚು, ಅಲ್ವಾ?

ಬಂದ ಪುಟ ಡಿಸ್ಕ್‌ನಲ್ಲಿ ಫೈಲ್ ಆಗಿ ಕೂರುತ್ತದೆ. ಕೂಡಲೇ ಎಂಗೆಟ್ಟಿ ನಾವು ಬರೆದಿಟ್ಟ ಒಂದು ಸ್ಕ್ರಿಪ್ಟನ್ನು, ಅಂದರೆ ಆದೇಶಗಳ ಪಟ್ಟಿಯನ್ನು, ಓಡಿಸುತ್ತದೆ. ಆ ಸ್ಕ್ರಿಪ್ಟ್ ಫೈಲನ್ನು ಚಿತ್ರವಾಗಿ ಬದಲಿಸಿ ಪ್ರಿಂಟರ್‌ಗೆ ಕಳಿಸುತ್ತದೆ. ನನ್ನ ಮೊದಲ ಪ್ರಿಂಟ್‌ನಲ್ಲಿ ಅಕ್ಷರಗಳೆಲ್ಲ ಮೇಲಿಂದ ಅದುಮಿದ ಹಾಗೆ ಚಪ್ಪಟೆ. 3 ಯಾವುದು, 8 ಯಾವುದು ತಿಳಿಯದು. ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಸಾಮಾನ್ಯ ಫ್ಯಾಕ್ಸ್‌ನಲ್ಲಿ ಅಡ್ಡಕ್ಕೆ ಇಂಚಿಗೆ 204 ಚುಕ್ಕೆ, ಉದ್ದಕ್ಕೆ 98 ಗೆರೆ ಮಾತ್ರ. ಪ್ರತಿ ಗೆರೆಯನ್ನೂ ಎರಡೆರಡು ಸಲ ಹಾಕುವಂತೆ ಸ್ಕ್ರಿಪ್ಟ್‌ನಲ್ಲಿ 'ಸ್ಟ್ರೆಚ್' ಅಂತ ಒಂದು ಪದ ಸೇರಿಸಿದೆ. ಮತ್ತೆ ಪ್ರಿಂಟ್ ತೆಗೆದು ಕೊಟ್ಟೆ.

ಮಾವ ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಾಡಿಸಿದರು. "ಹಾಂ, ಈಗ ಓದಾಕ ಬರ್ತದ ನೋಡು."