ಓದುಗರ ಪ್ರಶ್ನೆ: ‘ಬೋರ್ಸಲಿನೋ’ ನಿಜವಾಗಿ ನಡೆದ ಕಥೆಯಾ?

1970ರ ಈ ಫ್ರೆಂಚ್ ಗ್ಯಾಂಗ್‌ಸ್ಟರ್ ಸಿನಿಮಾ ನೋಡಿ ಮುಗಿಸಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮಾರ್ಸೇ ಪಟ್ಟಣದಲ್ಲಿ ಕಪೆಲ್ಲಾ, ಸಿಫ್ರೆಡಿ ಅಂತ ಇಬ್ಬರು ನಿಜವಾಗಲೂ ಇದ್ದರಾ? ಪುಡಿಗಳ್ಳರಾಗಿ ಶುರು ಮಾಡಿ ಇಡೀ ಊರನ್ನೇ ಕೈಗೆ ತಗೊಂಡರಾ?

ಆ ಹೆಸರಿನವರು ಇರಲಿಲ್ಲ. ಆದರೆ ಆ ಪಾತ್ರಗಳ ಹಿಂದೆ ಇಬ್ಬರು ನಿಜವಾದ ಮನುಷ್ಯರಿದ್ದರು. ಒಬ್ಬ ಪಾಲ್ ಕಾರ್ಬೋನ್, ಇನ್ನೊಬ್ಬ ಫ್ರಾಂಸ್ವಾ ಸ್ಪಿರಿಟೊ. ಎಜೆನ್ ಸಾಕೊಮಾನೊ ಎಂಬ ಪತ್ರಕರ್ತ ಮಾರ್ಸೇಯ ಡಕಾಯಿತರ ಬಗ್ಗೆ ಒಂದು ಪುಸ್ತಕ ಬರೆದಿದ್ದರು, ಸಿನಿಮಾ ಹುಟ್ಟಿದ್ದು ಅದರಿಂದ. ಹಾಗಾಗಿ ನನ್ನ ಉತ್ತರ ಇಷ್ಟು: ಮನುಷ್ಯರು ನಿಜ, ಊರು ನಿಜ, ದಂಧೆಯ ರೀತಿಯೂ ಬಹುಮಟ್ಟಿಗೆ ನಿಜ. ಆದರೆ ಆ ಇಬ್ಬರ ಬದುಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದೋ ಅದನ್ನೇ ಸಿನಿಮಾ ಹೊರಗಿಟ್ಟಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊನೆಯನ್ನೂ ಹೇಳಬೇಕಾಗುತ್ತದೆ, ಇನ್ನೂ ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಮೊದಲು ಸಿನಿಮಾದ ಕಥೆ. ನಿರ್ದೇಶಕ ಜಾಕ್ ದೆರೇ. ಸಿಫ್ರೆಡಿಯಾಗಿ ಅಲೆನ್ ಡೆಲೋನ್, ಕಪೆಲ್ಲಾ ಆಗಿ ಜಾನ್ ಪಾಲ್ ಬೆಲ್ಮಾಂಡೊ. ವರ್ಷ 1930. ಸಿಫ್ರೆಡಿ ಜೈಲಿನಿಂದ ಹೊರಗೆ ಬರುತ್ತಾನೆ. ತನ್ನ ಹುಡುಗಿ ಲೋಲಾಳನ್ನು ಹುಡುಕಿಕೊಂಡು ಹೋದರೆ ಅವಳು ಕಪೆಲ್ಲಾ ಜತೆ ಇದ್ದಾಳೆ. ಸರಿ, ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ.

ಆ ಹೊಡೆದಾಟವನ್ನು ಗಮನವಿಟ್ಟು ನೋಡಬೇಕು. ಕತ್ತಿ ಇಲ್ಲ, ಪಿಸ್ತೂಲು ಇಲ್ಲ, ಬರೀ ಮುಷ್ಟಿ. ಒಬ್ಬ ಒಂದು ಏಟು ಕೊಟ್ಟರೆ ಇನ್ನೊಬ್ಬ ತಿರುಗಿಸಿ ಅಷ್ಟೇ ಜೋರಾಗಿ ಕೊಡುತ್ತಾನೆ, ಹೀಗೇ ಹೊಡೆದುಕೊಳ್ಳುತ್ತಾ ಹೊಡೆದುಕೊಳ್ಳುತ್ತಾ ಇಬ್ಬರಿಗೂ ಏದುಸಿರು ಬರುತ್ತದೆ, ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಕೊನೆಗೆ ಗೆಳೆಯರಾಗಿಬಿಡುತ್ತಾರೆ. ಹುಡುಗಿಯ ವಿಷಯಕ್ಕೆ ಶುರುವಾದ ಜಗಳದಲ್ಲಿ ಹುಡುಗಿಯೇ ಪಕ್ಕಕ್ಕೆ ಸರಿದು ಹೋಗುತ್ತಾಳೆ. ಇಡೀ ಸಿನಿಮಾ ಇರುವುದು ಈ ಗೆಳೆತನದ ಮೇಲೆ, ಅದಕ್ಕೇ ಈ ಹೊಡೆದಾಟ ಅಷ್ಟು ಮುಖ್ಯ.

ಆಮೇಲೆ ಕುದುರೆ ರೇಸು, ಬಾಕ್ಸಿಂಗ್ ಪಂದ್ಯ ಅಂತ ಸಣ್ಣ ಪುಟ್ಟ ಮೋಸ. ರಿನಾಲ್ಡಿ ಎಂಬ ವಕೀಲನ ಕಣ್ಣು ಇವರ ಮೇಲೆ ಬೀಳುತ್ತದೆ. ಮೀನು ಮಾರುಕಟ್ಟೆಯನ್ನು ಹದ್ದುಬಸ್ತಿಗೆ ತರುವ ಕೆಲಸ ಕೊಡುತ್ತಾನೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಹೊಟ್ಟೆಪಾಡು ನಡೆಯುತ್ತಿತ್ತು. ಆದರೆ ಇವರಿಗೆ ಅದು ಸಾಲದು. ಊರಿನ ದೊಡ್ಡ ತಲೆಗಳಾದ ಮರೆಲ್ಲೋ ಮತ್ತು ಪೋಲಿ ಮೇಲೇ ಕಣ್ಣು ಹಾಕುತ್ತಾರೆ. ಅಲ್ಲಿಂದ ಹೆಣ ಬೀಳಲು ಶುರು.

ಈಗ ನಿಜದ ಕಡೆಗೆ ಬರೋಣ.

ಕಾರ್ಬೋನ್ ಹುಟ್ಟಿದ್ದು 1894ರಲ್ಲಿ, ಕಾರ್ಸಿಕಾ ದ್ವೀಪದ ಪ್ರೊಪ್ರಿಯಾನೊ ಎಂಬ ಊರಲ್ಲಿ. ಬೆಳೆದದ್ದು ಮಾರ್ಸೇಯಲ್ಲಿ. ಸ್ಪಿರಿಟೊ ಇಟಲಿ ಮೂಲದವನು. ಇಬ್ಬರೂ ಒಂದಾದದ್ದು ಈಜಿಪ್ಟಿನಲ್ಲಿ. ಅಲ್ಲಿ ಎದುರಾಳಿಗಳು ಕಾರ್ಬೋನ್‌ನನ್ನು ಕುತ್ತಿಗೆವರೆಗೆ ಮರಳಲ್ಲಿ ಹೂತು ಬಿಸಿಲಿಗೆ ಬಿಟ್ಟು ಹೋಗಿದ್ದರಂತೆ, ಸ್ಪಿರಿಟೊ ಬಂದು ಅಗೆದು ತೆಗೆದನಂತೆ. ಇದು ಮಾರ್ಸೇಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ, ಹಾಗಂತಲೇ ತಗೊಳ್ಳಿ. ಆದರೆ ಜತೆಯಾದ ಮೇಲೆ ಅವರು ಇಪ್ಪತ್ತು ವರ್ಷ ಬೇರೆಯಾಗಲಿಲ್ಲ, ಅದಂತೂ ನಿಜ.

ಅವರ ಮುಖ್ಯ ಸಂಪಾದನೆ ಮೀನು, ಮಾಂಸದಿಂದ ಬಂದದ್ದಲ್ಲ. ಹೆಣ್ಣುಮಕ್ಕಳನ್ನು ಮೈಮಾರಿಕೆಯ ದಂಧೆಗೆ ತಳ್ಳಿ, ಈಜಿಪ್ಟಿಗೆ, ದಕ್ಷಿಣ ಅಮೆರಿಕಕ್ಕೆ ಸಾಗಿಸಿ ದುಡ್ಡು ಮಾಡಿದರು. ಆಮೇಲೆ ಅಫೀಮು, ಅದರಿಂದ ಹೆರಾಯಿನ್. ಮುಂದೆ ‘ಫ್ರೆಂಚ್ ಕನೆಕ್ಷನ್’ ಅಂತ ಜಗತ್ತಿಗೇ ಹೆಸರಾದ ಮಾದಕ ವಸ್ತುವಿನ ಕಳ್ಳಸಾಗಣೆ ಇದೆಯಲ್ಲ, ಅದಕ್ಕೆ ಮೊದಲ ದಾರಿ ಹಾಕಿದವರಲ್ಲಿ ಇವರಿಬ್ಬರೂ ಇದ್ದರು. ಸಿನಿಮಾದಲ್ಲಿ ವೇಶ್ಯಾಗೃಹ ಬರುತ್ತದೆ, ಆದರೆ ಬಣ್ಣ ಬಣ್ಣದ ಪರದೆ, ನಗು, ಪಿಯಾನೊ ಸಂಗೀತದ ಜತೆ ಬರುತ್ತದೆ. ಅಲ್ಲಿನ ಹೆಂಗಸರು ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಅನ್ನುವುದು ಬರುವುದಿಲ್ಲ. ಈ ಸಿನಿಮಾ ನನಗೆ ತುಂಬಾ ಇಷ್ಟ, ಆದರೂ ಈ ಜಾಗದಲ್ಲಿ ಪ್ರತಿ ಸಲ ಮನಸ್ಸು ಹಿಂದೇಟು ಹಾಕುತ್ತದೆ.

ದೊಡ್ಡ ವಿಷಯ ಇನ್ನೂ ಇದೆ. ರಾಜಕೀಯ.

ಮಾರ್ಸೇಯಲ್ಲಿ ಸಿಮೋನ್ ಸಾಬಿಯಾನಿ ಅಂತ ಒಬ್ಬ ನಾಯಕನಿದ್ದ. ಇವನೂ ಕಾರ್ಸಿಕಾದವನೇ. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು ಬಂದವನು. ಎಡಪಂಥದಲ್ಲಿ ಶುರು ಮಾಡಿ ಬಲಕ್ಕೆ ತಿರುಗಿ, ಕೊನೆಗೆ ಫ್ಯಾಸಿಸ್ಟರ ಜತೆ ಸೇರಿದ. 1929ರಿಂದ 1935ರವರೆಗೆ ಊರಿನ ಆಡಳಿತ ಬಹುಪಾಲು ಇವನು ಹೇಳಿದಂತೆ ನಡೆಯಿತು. ಚುನಾವಣೆಯಲ್ಲಿ ಇವನಿಗೆ ತೋಳ್ಬಲ ಒದಗಿಸಿದವರು ಕಾರ್ಬೋನ್ ಮತ್ತು ಸ್ಪಿರಿಟೊ. ಇವರ ಹುಡುಗರು ಬೂತಿನಲ್ಲಿ ನಿಲ್ಲುತ್ತಿದ್ದರು, ಮುಷ್ಕರ ಮುರಿಯುತ್ತಿದ್ದರು. ಅದಕ್ಕೆ ಬದಲಾಗಿ ಪುರಸಭೆಯ ಕೆಲಸಗಳು ಇವರ ಕಡೆಯವರಿಗೆ ಸಿಗುತ್ತಿದ್ದವು, ಪೊಲೀಸರು ಬೇರೆ ಕಡೆ ನೋಡುತ್ತಿದ್ದರು.

1934ರಲ್ಲಿ ಏನಾಯಿತು ನೋಡಿ. ಸ್ಟಾವಿಸ್ಕಿ ಎಂಬ ವಂಚಕನ ಹಗರಣ ಇಡೀ ಫ್ರಾನ್ಸನ್ನು ಅಲ್ಲಾಡಿಸಿತ್ತು. ಆ ಹಗರಣಕ್ಕೆ ಸಂಬಂಧಪಟ್ಟ ಆಲ್ಬರ್ಟ್ ಪ್ರ್ಯಾನ್ಸ್ ಎಂಬ ನ್ಯಾಯಾಧೀಶರ ಹೆಣ ಫೆಬ್ರವರಿಯಲ್ಲಿ ದಿಜೋನ್ ಹತ್ತಿರ ರೈಲು ಹಳಿಯ ಮೇಲೆ ಸಿಕ್ಕಿತು. ಪೊಲೀಸರು ಕಾರ್ಬೋನ್, ಸ್ಪಿರಿಟೊ ಇಬ್ಬರನ್ನೂ ಹಿಡಿದರು. ಆಗ ಸಾಬಿಯಾನಿ ಏನು ಮಾಡಿದ ಗೊತ್ತಾ? ಮಾರ್ಸೇಯ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸಿದ. ಅದರಲ್ಲಿ ಕಾರ್ಬೋನ್ ಮತ್ತು ಸ್ಪಿರಿಟೊ ನನ್ನ ಗೆಳೆಯರು, ಅವರ ತಂಟೆಗೆ ಬಂದರೆ ಸುಮ್ಮನಿರುವುದಿಲ್ಲ ಅಂತ ಬರೆಸಿದ್ದ. ಒಬ್ಬ ಜನಪ್ರತಿನಿಧಿ, ತನ್ನ ಸ್ವಂತ ಹೆಸರಿನಲ್ಲಿ, ಬಹಿರಂಗವಾಗಿ. ಸಾಕ್ಷಿ ಸಿಗದೆ ಇಬ್ಬರೂ ಬಿಡುಗಡೆಯಾದರು. ಊರಿಗೆ ವಾಪಸು ಬಂದಾಗ ಜನ ಗುಂಪು ಸೇರಿ ಬರಮಾಡಿಕೊಂಡರು.

ಇಂಥ ದೃಶ್ಯ ಯಾವ ಚಿತ್ರಕಥೆಗಾರನೂ ಬಿಡಬಾರದು, ಅಲ್ವಾ? ಆದರೆ ಸಿನಿಮಾದಲ್ಲಿ ಇಲ್ಲ. ರಾಜಕೀಯದ ವಾಸನೆ ಏನಾದರೂ ಇದ್ದರೆ ಆ ವಕೀಲ ರಿನಾಲ್ಡಿಯ ಪಾತ್ರದಲ್ಲಿ ಅಷ್ಟೇ. ಮಿಶೆಲ್ ಬುಕೆ ಅದನ್ನು ಎಷ್ಟು ತಣ್ಣಗೆ, ಎಷ್ಟು ಸಭ್ಯವಾಗಿ ಮಾಡಿದ್ದಾರೆ ಅಂದರೆ, ಗನ್ ಹಿಡಿದವರಿಗಿಂತ ಆ ಮನುಷ್ಯನನ್ನು ನೋಡಿದರೇ ಜಾಸ್ತಿ ಭಯವಾಗುತ್ತದೆ.

ಯುದ್ಧದ ಕಾಲಕ್ಕೆ ಬಂದರೆ ಕಥೆ ಇನ್ನೂ ಕಪ್ಪಾಗುತ್ತದೆ. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿದಾಗ ಸಾಬಿಯಾನಿ ಅವರ ಕಡೆ ಹೋದ, ಅವನ ಹಿಂದೆ ಇವರಿಬ್ಬರೂ ಹೋದರು. ಕಾಳಸಂತೆ ನಡೆಸಿದರು, ಜರ್ಮನ್ನರ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಜತೆ ಕೈಜೋಡಿಸಿದರು. 1943ರ ಆರಂಭದಲ್ಲಿ ಜರ್ಮನ್ನರು ಹಳೇ ಬಂದರಿನ ಉತ್ತರ ದಿಕ್ಕಿನ ಇಡೀ ಬಡಾವಣೆಯನ್ನು ಡೈನಮೈಟ್ ಇಟ್ಟು ಉಡಾಯಿಸಿದರು. ಸುಮಾರು 1500 ಕಟ್ಟಡಗಳು ನೆಲಸಮವಾದವು, 20,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಕಾರ್ಬೋನ್, ಸ್ಪಿರಿಟೊ ಮೆರೆದಾಡಿದ ಓಣಿಗಳು ಅವು. 1969ರಲ್ಲಿ ದೆರೇ ಕ್ಯಾಮೆರಾ ಹಿಡಿದು ಮಾರ್ಸೇಗೆ ಬಂದಾಗ ಆ ಓಣಿಗಳು ಇರಲೇ ಇಲ್ಲ, ಉಳಿದ ಹಳೇ ಬೀದಿಗಳಲ್ಲಿ 1930ನ್ನು ಮತ್ತೆ ಕಟ್ಟಬೇಕಾಯಿತು. ಸಿನಿಮಾದ ಮಾರ್ಸೇ ಅಷ್ಟು ಚೆಂದ ಕಾಣುತ್ತದಲ್ಲ, ಅದರ ಹಿಂದೆ ಇದೂ ಇದೆ.

1943ರ ಡಿಸೆಂಬರ್‌ನಲ್ಲಿ ಕಾರ್ಬೋನ್ ಪ್ರಯಾಣ ಮಾಡುತ್ತಿದ್ದ ರೈಲನ್ನು ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಪ್ರತಿರೋಧ ಚಳವಳಿಯವರು ಹಳಿ ತಪ್ಪಿಸಿದರು. ಅವನು ಸತ್ತ. 49 ವರ್ಷ. ಸ್ಪಿರಿಟೊ ಸ್ಪೇನಿಗೆ ಓಡಿಹೋದ, ಅಲ್ಲಿಂದ ಅಮೆರಿಕ ಸೇರಿದ, ಹೆರಾಯಿನ್ ಕೇಸಿನಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದ, ಆಮೇಲೆ ಫ್ರಾನ್ಸಿಗೆ ಮರಳಿ 1967ರಲ್ಲಿ ತೀರಿಕೊಂಡ. ಅಂದರೆ ಚಿತ್ರೀಕರಣಕ್ಕೆ ಬರೀ ಎರಡು ವರ್ಷ ಮೊದಲು.

ಸಿನಿಮಾದ ಕೊನೆ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಇಬ್ಬರೂ ಗೆದ್ದಿದ್ದಾರೆ, ಊರು ಕೈಯಲ್ಲಿದೆ. ಆಗ ಕಪೆಲ್ಲಾಗೆ ಒಂದು ವಿಷಯ ಹೊಳೆಯುತ್ತದೆ. ಇನ್ನು ಉಳಿದಿರುವುದು ನಾವಿಬ್ಬರೇ, ಹೀಗೇ ಇದ್ದರೆ ನಾಳೆ ನಾವೇ ಒಬ್ಬರ ಮೇಲೊಬ್ಬರು ಬೀಳುತ್ತೇವೆ. ಅದಕ್ಕೇ ಊರು ಬಿಟ್ಟು ಹೊರಡುತ್ತಾನೆ. ಹೊರಟವನಿಗೆ ಯಾರೋ ಗುಂಡು ಹೊಡೆಯುತ್ತಾರೆ, ಸಿಫ್ರೆಡಿಯ ತೋಳಲ್ಲಿ ಪ್ರಾಣ ಬಿಡುತ್ತಾನೆ. ನಿಜದವರು ದೇಶಕ್ಕೆ ಎರಡು ಬಗೆದು ಹಾಳಾದರು. ಸಿನಿಮಾದವರು ಗೆಳೆತನ ಉಳಿಸಿಕೊಳ್ಳಲು ಹೋಗಿ ಹಾಳಾಗುತ್ತಾರೆ. ಎರಡಕ್ಕೂ ಅಜಗಜಾಂತರ.

ಹಾಗಾದರೆ ಯಾಕೆ ಹೀಗೆ ಬದಲಾಯಿಸಿದರು? ನನಗನ್ನಿಸುವುದು ಹೇಳುತ್ತೇನೆ.

1970ರಲ್ಲಿ ಫ್ರಾನ್ಸಿನಲ್ಲಿ ಯುದ್ಧಕಾಲದ ದ್ರೋಹದ ಬಗ್ಗೆ ಬಾಯಿ ಬಿಡುವವರು ಕಡಿಮೆ. ಅದನ್ನು ಬದುಕಿದವರು ಇನ್ನೂ ಐವತ್ತು, ಅರವತ್ತರ ವಯಸ್ಸಿನಲ್ಲಿದ್ದರು, ಅದೇ ಬೀದಿಯಲ್ಲಿ ಓಡಾಡುತ್ತಿದ್ದರು. ಮಾರ್ಸೇಯ ಭೂಗತ ಲೋಕವೂ ಹಳೇ ಇತಿಹಾಸ ಆಗಿರಲಿಲ್ಲ. ಕಾರ್ಬೋನ್ ಕಾಲ ಮುಗಿದ ಮೇಲೆ ಆ ಊರನ್ನು ಆಳಿದವರು ಗೆರಿನಿ ಅಣ್ಣತಮ್ಮಂದಿರು. ಅವರಲ್ಲಿ ದೊಡ್ಡವನಾದ ಆಂಟೊಯಿನ್ ಕೊಲೆಯಾದದ್ದು 1967ರಲ್ಲಿ, ಇನ್ನೊಬ್ಬನಾದ ಮೆಮೆಗೆ ಜೈಲು ಶಿಕ್ಷೆ ಆದದ್ದು 1970ರ ಜನವರಿಯಲ್ಲಿ. ಸಿನಿಮಾ ಬಿಡುಗಡೆ ಅದೇ ಮಾರ್ಚಿನಲ್ಲಿ!

ಡೆಲೋನ್ ಪರಿಸ್ಥಿತಿಯೂ ಸೂಕ್ಷ್ಮವಾಗಿತ್ತು. 1968ರ ಅಕ್ಟೋಬರ್‌ನಲ್ಲಿ ಅವರ ಬಳಿ ಅಂಗರಕ್ಷಕನಾಗಿದ್ದ ಸ್ಟೆವಾನ್ ಮಾರ್ಕೊವಿಚ್ ಹೆಣವಾಗಿ ಸಿಕ್ಕಿದ್ದ, ಪೊಲೀಸರು ಡೆಲೋನ್‌ರನ್ನೂ ವಿಚಾರಣೆಗೆ ಕರೆದಿದ್ದರು. ಅವರ ಮೇಲೆ ಕೇಸೇನೂ ಆಗಲಿಲ್ಲ, ಆದರೆ ಪತ್ರಿಕೆಗಳು ತಿಂಗಳುಗಟ್ಟಲೆ ಬಿಡಲಿಲ್ಲ. ಅಂಥ ಸಮಯದಲ್ಲಿ ಅವರೇ ನಿರ್ಮಾಪಕರಾಗಿ ಗ್ಯಾಂಗ್‌ಸ್ಟರ್ ಸಿನಿಮಾಗೆ ದುಡ್ಡು ಹಾಕಿದರು. ಅದರಲ್ಲಿ ನಿಜವಾದ ಹೆಸರು, ನಿಜವಾದ ರಾಜಕೀಯ, ನಿಜವಾದ ಗೆಸ್ಟಾಪೊ ತಂದಿದ್ದರೆ ಜನ ಬೇರೆಯದೇ ಸಿನಿಮಾ ನೋಡುತ್ತಿದ್ದರು.

ಇನ್ನೊಂದು ಸರಳ ಕಾರಣ ಇದೆ. ಈ ಸಿನಿಮಾ ಇರುವುದೇ ಇಬ್ಬರು ಸ್ಟಾರ್‌ಗಳಿಗಾಗಿ. ಆಗ ಫ್ರಾನ್ಸಿನಲ್ಲಿ ಬೆಲ್ಮಾಂಡೊ ಮತ್ತು ಡೆಲೋನ್‌ಗಿಂತ ದೊಡ್ಡ ನಾಯಕನಟರು ಇರಲಿಲ್ಲ ಅಂದರೂ ನಡೆಯುತ್ತದೆ. ಜನ ಬಂದದ್ದು ಅವರಿಬ್ಬರು ಒಟ್ಟಿಗೆ ನಗುವುದನ್ನು, ಒಟ್ಟಿಗೆ ಒಳ್ಳೆ ಸೂಟು ಹಾಕಿಕೊಂಡು ಟೋಪಿ ಓರೆ ಮಾಡಿಕೊಂಡು ನಡೆಯುವುದನ್ನು ನೋಡಲು. ಬೋರ್ಸಲಿನೋ ಅನ್ನುವುದೇ ಟೋಪಿಯ ಹೆಸರು, ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ 1857ರಿಂದ ಇರುವ ಕಂಪನಿ ಅದು. ಕ್ಲೋಡ್ ಬೋಲಿಂಗ್ ಅವರ ಪಿಯಾನೊ ಶುರುವಾದ ಕೂಡಲೇ ಕಾಲು ತಾನಾಗಿ ತಾಳ ಹಾಕುತ್ತದೆ. ಫ್ರಾನ್ಸಿನಲ್ಲೇ ಸುಮಾರು 47 ಲಕ್ಷ ಟಿಕೆಟ್ ಹೋದವು. ಗೆಸ್ಟಾಪೊ ಜತೆ ಸೇರಿದವರ ಕಥೆಯನ್ನು ಈ ರಾಗದಲ್ಲಿ ಹೇಳಲು ಸಾಧ್ಯವೇ ಇರಲಿಲ್ಲ.

ತೆರೆಯ ಮೇಲೆ ಅಷ್ಟು ಗೆಳೆತನ ಇದ್ದರೂ ತೆರೆಯ ಹಿಂದೆ ಜಗಳವಾಯಿತು. ಪ್ರಚಾರದಲ್ಲಿ ಇಬ್ಬರ ಹೆಸರೂ ಹೇಗೆ ಬರಬೇಕು ಅಂತ ಒಪ್ಪಂದವಿತ್ತು. ಆದರೆ ಡೆಲೋನ್ ಹೆಸರು ನಿರ್ಮಾಪಕ ಅಂತ ಮೇಲೆ ಇನ್ನೊಂದು ಸಲ ಬಂತು. ಬೆಲ್ಮಾಂಡೊ ಕೋರ್ಟಿಗೆ ಹೋದರು, ಕೇಸು ಗೆದ್ದರು. ಮತ್ತೆ ಇಬ್ಬರೂ ಜೋಡಿ ನಾಯಕರಾಗಿ ನಟಿಸಿದ್ದು 1998ರಲ್ಲಿ, ಅಷ್ಟೊತ್ತಿಗೆ ಇಬ್ಬರಿಗೂ ಅರವತ್ತು ದಾಟಿತ್ತು. 2021ರಲ್ಲಿ ಬೆಲ್ಮಾಂಡೊ ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೆ ಡೆಲೋನ್ ಬಂದಿದ್ದರು. 2024ರಲ್ಲಿ ಅವರೂ ಹೋದರು.

ಪ್ರಶ್ನೆ ಕೇಳುವವರಲ್ಲಿ ಕೆಲವರು 1974ರಲ್ಲಿ ಬಂದ ಎರಡನೇ ಭಾಗದಲ್ಲಾದರೂ ನಿಜ ಇದೆಯಾ ಅಂತಲೂ ಕೇಳುತ್ತಾರೆ. ಅದನ್ನೂ ದೆರೇ ಅವರೇ ಮಾಡಿದ್ದು, ಕಪೆಲ್ಲಾ ಸಾವಿಗೆ ಸಿಫ್ರೆಡಿ ಸೇಡು ತೀರಿಸಿಕೊಳ್ಳುವ ಕಥೆ. ಮೊದಲನೆಯದರ ನಗು, ಲವಲವಿಕೆ ಇದರಲ್ಲಿ ಇಲ್ಲ, ಸಿನಿಮಾ ಆಗಿ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಕಾರ್ಬೋನ್, ಸ್ಪಿರಿಟೊ ಬಗ್ಗೆ ತಿಳಿದುಕೊಂಡು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮೊದಲ ಭಾಗದಲ್ಲಿ ಹೊರಗಿಟ್ಟ ಹೆರಾಯಿನ್ ಇಲ್ಲಿ ಬರುತ್ತದೆ, ಫ್ಯಾಸಿಸ್ಟರೂ ಬರುತ್ತಾರೆ. ಆದರೆ ಅದೆಲ್ಲ ವೋಲ್ಪೋನೆ ಎಂಬ ಖಳನಾಯಕನ ಕೆಲಸ, ಅವನು ಹೊರಗಿನಿಂದ ಬಂದ ಇಟಲಿಯವನು. ನಮ್ಮ ಸಿಫ್ರೆಡಿ ಅವನ ವಿರುದ್ಧ ಹೋರಾಡುತ್ತಾನೆ. ನಿಜವಾದ ಮಾರ್ಸೇಯಲ್ಲಿ ಹೆರಾಯಿನ್ ಮಾರಿದವರೂ, ಫ್ಯಾಸಿಸ್ಟರಿಗೆ ತೋಳ್ಬಲ ಕೊಟ್ಟವರೂ ಸಿಫ್ರೆಡಿ ಮತ್ತು ಕಪೆಲ್ಲಾಗೆ ಮೂಲವಾದ ಆ ಇಬ್ಬರೇ.